ಹೊಸ ಗಿಟಾರ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಬೇಕಾದದ್ದು

ಗಿಟಾರ್ ತರಗತಿಗೆ ಸೇರಿ ಕೆಲವೇ ತಿಂಗಳಲ್ಲಿ ಕೈಬಿಟ್ಟವರನ್ನು ವಿಚಾರಿಸಿದರೆ ಬಹುತೇಕರು ಬೆರಳು ನೋವಿನ ಮಾತನ್ನೇ ಎತ್ತುತ್ತಾರೆ. ಬೆರಳತುದಿಯ ಚರ್ಮ ಗಟ್ಟಿಯಾಗುವವರೆಗೆ ಒಂದಿಷ್ಟು ನೋವು ಇದ್ದದ್ದೇ. ಆದರೆ ಅಂಥವರ ಮನೆಯ ಅಟ್ಟದಿಂದ ವಾದ್ಯವನ್ನು ಇಳಿಸಿ ನೋಡಿದಾಗ, ತಂತಿಗಳು ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡಿನಿಂದ ನಾಲ್ಕೈದು ಮಿಲಿಮೀಟರ್ ಎತ್ತರದಲ್ಲಿ ನಿಂತಿರುವುದೂ ಎಷ್ಟು ಒತ್ತಿದರೂ ಸ್ವರ ಸ್ಪಷ್ಟವಾಗಿ ಹೊರಡದಿರುವುದೂ ಅನೇಕ ಸಲ ಕಂಡುಬರುತ್ತದೆ. ಇಂಥ ವಾದ್ಯದ ಮೇಲೆ ನುರಿತವರ ಬೆರಳೂ ನೋಯುತ್ತದೆ. ಆದ್ದರಿಂದ ಹೊಸದಾಗಿ ಗಿಟಾರ್ ಕೊಳ್ಳುವವರು ಬಣ್ಣ, ಹೊಳಪು, ಕಂಪನಿಯ ಹೆಸರು ಇವೆಲ್ಲಕ್ಕಿಂತ ಮೊದಲು ವಾದ್ಯದ ಕತ್ತನ್ನೂ ತಂತಿಯ ಎತ್ತರವನ್ನೂ ಪರೀಕ್ಷಿಸಬೇಕು. ಈ ಪರೀಕ್ಷೆಗೆ ನುಡಿಸಲು ಬರಬೇಕೆಂದೇನೂ ಇಲ್ಲ. ಒಂದು ಉಕ್ಕಿನ ಸ್ಕೇಲು, ಮೊಬೈಲಿನ ಟಾರ್ಚು, ಅದರಲ್ಲೇ ಇಳಿಸಿಕೊಂಡ ಟ್ಯೂನರ್ ಆ್ಯಪ್ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಯಾವ ಬಗೆಯ ಗಿಟಾರ್ ಬೇಕೆಂಬುದು ತೀರ್ಮಾನವಾಗಿರಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಕತ್ತು ಅಗಲವಾಗಿದ್ದು, ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಕೊರೆತಗಳಿರುವ ನಟ್ ಎಂಬ ಪಟ್ಟಿಯ ಬಳಿ ಸುಮಾರು 52 ಮಿ.ಮೀ. ಇರುತ್ತದೆ; ತಂತಿ ಮೃದು, ನಾದವೂ ಮೆದು. ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿನ ಕತ್ತು ಅದೇ ಜಾಗದಲ್ಲಿ ಸುಮಾರು 43 ಮಿ.ಮೀ. ಅಗಲವಿದ್ದು, ಭಾವಗೀತೆ, ಚಿತ್ರಗೀತೆಗಳಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಹಿಡಿದು ಹಾಡಬೇಕೆನ್ನುವವರಿಗೆ ಹೇಳಿಮಾಡಿಸಿದ್ದು. ಮಕ್ಕಳನ್ನು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಗ್ರೇಡ್ ಪರೀಕ್ಷೆಗೆ ಕೂರಿಸುವ ಉದ್ದೇಶವಿದ್ದರೆ ಯಾವ ವಿಭಾಗದ ಪರೀಕ್ಷೆ ಎಂಬುದನ್ನು ಕಲಿಸುವವರಿಂದ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಕ್ಲಾಸಿಕಲ್ ವಿಭಾಗಕ್ಕೆ ನೈಲಾನ್ ತಂತಿಯ ಗಿಟಾರೇ ಬೇಕು. ಎಲೆಕ್ಟ್ರಿಕ್ ಗಿಟಾರ್ ಆರಂಭಿಕರಿಗಲ್ಲ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆಯಾದರೂ ಅದನ್ನು ಒಪ್ಪಲು ನನಗೆ ಕಾರಣ ಕಾಣುವುದಿಲ್ಲ. ಅದರ ತಂತಿ ತೆಳುವಾಗಿಯೂ ಫಿಂಗರ್‌ಬೋರ್ಡಿಗೆ ಹತ್ತಿರವಾಗಿಯೂ ಇರುವುದರಿಂದ ಬೆರಳಿಗೆ ಅದೇ ಹೆಚ್ಚು ಸುಲಭ. ಕಷ್ಟವಿರುವುದು ಹಣದ ಕಡೆಯಿಂದ, ಆ್ಯಂಪ್ಲಿಫಯರ್ ಮತ್ತು ಕೇಬಲ್ಲಿನ ವೆಚ್ಚ ಪ್ರತ್ಯೇಕವಾಗಿ ಬೀಳುತ್ತದೆ.

ಮೈಸೂರಿನಂಥ ಊರಿನಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ವೀಣೆಯನ್ನೋ ಹಾಡುಗಾರಿಕೆಯನ್ನೋ ಕಲಿತ ಮನೆಗಳ ಮಕ್ಕಳು ಗಿಟಾರಿನಲ್ಲಿ ಕೀರ್ತನೆ ನುಡಿಸಬೇಕೆಂದು ಬಯಸುವುದು ಇಲ್ಲಿ ಅಪರೂಪವಲ್ಲ. ವೀಣೆಯ ಮೆಟ್ಟಿಲುಗಳು ಎತ್ತರವಾಗಿರುವುದರಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರಲು ಅವಕಾಶವಿದೆ. ಗಿಟಾರಿನ ಫ್ರೆಟ್‌ಗಳಾದರೋ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು, ಸುಮಾರು ಒಂದು ಮಿಲಿಮೀಟರ್ ಎತ್ತರದವು, ಅಷ್ಟು ಅವಕಾಶ ಕೊಡವು. ಗಮಕಪ್ರಧಾನವಾಗಿ ನುಡಿಸುವ ಆಸೆಯಿರುವವರು ದಪ್ಪ ತಂತಿಯ ದೊಡ್ಡ ಅಕೂಸ್ಟಿಕ್ ಗಿಟಾರ್ ಕೊಂಡರೆ ಬಹುಬೇಗ ಬೇಸರಗೊಳ್ಳುತ್ತಾರೆ. ಅವರಿಗೆ ಎಲೆಕ್ಟ್ರಿಕ್ ಗಿಟಾರ್, ಅದಾಗದಿದ್ದರೆ 10 ಗೇಜಿನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ) ತೆಳು ತಂತಿ ಕಟ್ಟಿದ ಅಕೂಸ್ಟಿಕ್ ಸೂಕ್ತ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು: ಕ್ಲಾಸಿಕಲ್ ಗಿಟಾರ್ ಕೊಂಡು, ಸದ್ದು ಸಾಲದೆಂದು ಅದಕ್ಕೆ ಉಕ್ಕಿನ ತಂತಿ ಕಟ್ಟಿಸಬಾರದು. ನೈಲಾನ್ ತಂತಿಗಳ ಒಟ್ಟು ಸೆಳೆತ ಸುಮಾರು 40 ಕಿಲೋ. 12 ಗೇಜಿನ ಉಕ್ಕಿನ ತಂತಿಗಳದ್ದು 70 ಕಿಲೋವನ್ನು ಮೀರುತ್ತದೆ. ಹಗುರವಾಗಿ ಕಟ್ಟಿದ ಮೇಲ್ಹಲಗೆ ಆ ಭಾರಕ್ಕೆ ಉಬ್ಬಿ, ಕೊನೆಗೆ ತಂತಿಗಳ ಕೆಳತುದಿಯನ್ನು ಹಿಡಿದಿಡುವ ಬ್ರಿಡ್ಜ್ ಕಿತ್ತು ಬರುತ್ತದೆ.

ಅಳತೆಯ ವಿಷಯದಲ್ಲಿ ತಂದೆತಾಯಂದಿರು ಮಾಡುವ ಲೆಕ್ಕಾಚಾರ ಒಂದಿದೆ. ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸಿದಂತೆ, ಹೇಗೂ ಬೆಳೆಯುವ ಮಗುವಲ್ಲವೇ ಎಂದು ಪೂರ್ಣ ಗಾತ್ರದ ಗಿಟಾರನ್ನೇ ಕೊಡಿಸುತ್ತಾರೆ. ತೋಳು ಮೇಲ್ಹಲಗೆಯನ್ನು ಬಳಸಿ ಬರದೆ, ಎಡಗೈ ಮೊದಲ ಫ್ರೆಟ್ಟಿಗೆ ಎಟುಕದೆ, ಮಗು ಭುಜ ಎತ್ತಿ ಕೂರುವುದನ್ನು ರೂಢಿಸಿಕೊಳ್ಳುತ್ತದೆ. ಮುಂದೆ ಅದನ್ನು ಬಿಡಿಸುವುದು ಕಲಿಸುವವರಿಗೆ ದೊಡ್ಡ ಕೆಲಸ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯ ಗಿಟಾರ್ ಸಾಮಾನ್ಯವಾಗಿ ಸರಿಹೋಗುತ್ತದೆ, ಅದಕ್ಕೂ ಚಿಕ್ಕವರಿಗೆ ಅರ್ಧ ಅಳತೆಯದು. ದೊಡ್ಡವರಲ್ಲೂ ಕುಳ್ಳಗಿರುವವರಿಗೆ ಡ್ರೆಡ್‌ನಾಟ್ ಎಂಬ ಅಗಲ ಹೊಟ್ಟೆಯ ಮಾದರಿ ತೊಡಕಾಗಬಹುದು. ಅಂಗಡಿಯಲ್ಲಿ ಕೈಯಿಲ್ಲದ ಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಹಿಡಿದು ನೋಡಿದರೆ ಬಲಭುಜವೇ ಉತ್ತರ ಹೇಳುತ್ತದೆ. ಎಡಚರು ಎಡಗೈ ಮಾದರಿಯನ್ನೇ ಕೇಳಬೇಕೋ ಬಲಗೈಯಲ್ಲೇ ಕಲಿಯಬೇಕೋ ಎಂಬುದನ್ನು ಗುರುಗಳೊಂದಿಗೆ ಚರ್ಚಿಸುವುದು ಒಳ್ಳೆಯದು, ಏಕೆಂದರೆ ಎಡಗೈ ಗಿಟಾರುಗಳು ಅಂಗಡಿಯಲ್ಲಿ ಸಿಗುವುದು ಕಡಿಮೆ.

ಹಣದ ಮಾತಿಗೆ ಬಂದರೆ, ಮೂರ್ನಾಲ್ಕು ಸಾವಿರ ರೂಪಾಯಿಗೆ ಸಿಗುವ 38 ಇಂಚಿನ ಗಿಟಾರುಗಳಲ್ಲಿ ಚೆನ್ನಾಗಿ ನುಡಿಯುವಂಥವು ಇಲ್ಲವೆಂದಲ್ಲ, ಆದರೆ ಒಂದೇ ಮಾದರಿಯ ಎರಡು ವಾದ್ಯಗಳ ನಡುವೆ ಅಜಗಜಾಂತರವಿರುತ್ತದೆ. ಎಂಟು ಹತ್ತು ಸಾವಿರದ ಆಸುಪಾಸಿನ ಯಮಹಾ ಎಫ್280ನಂಥ ಮಾದರಿಗಳಲ್ಲಿ ಈ ವ್ಯತ್ಯಾಸ ಸಾಕಷ್ಟು ಕಡಿಮೆಯಾಗುತ್ತದೆ, ಆ ಹೆಚ್ಚಿನ ಹಣಕ್ಕೆ ದೊರೆಯುವ ಮುಖ್ಯ ಲಾಭ ಅದೇ. ಗಿವ್ಸನ್, ಹಾಬ್ನರ್ ಮುಂತಾದವು ಕೋಲ್ಕತ್ತದ ಕಂಪನಿಗಳು. ಹೆಸರಿನ ಸಾಮ್ಯದಿಂದ ಅವನ್ನು ಅಮೆರಿಕದ ಗಿಬ್ಸನ್ ಅಥವಾ ಜರ್ಮನಿಯ ಹೋನರ್ ಎಂದು ತಿಳಿದು ಕೊಂಡವರಿದ್ದಾರೆ, ಆದುದರಿಂದ ತಲೆಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಬೇಕು. ಬಜೆಟ್ ಎಷ್ಟೇ ಇರಲಿ, ಅದರಲ್ಲಿ ಸಾವಿರ ಸಾವಿರದೈನೂರು ರೂಪಾಯಿಯನ್ನು ಸೆಟಪ್ಪಿಗೆ (ಕತ್ತು ಮತ್ತು ತಂತಿಯ ಎತ್ತರವನ್ನು ಹದಗೊಳಿಸುವ ಕೆಲಸಕ್ಕೆ), ಒಂದು ಜೊತೆ ಒಳ್ಳೆಯ ತಂತಿಗೆ ಎತ್ತಿಡುವುದು ಜಾಣತನ. ಪಿಕ್, ಬೆಲ್ಟು, ಕೇಪೋ, ತೆಳು ಬಟ್ಟೆಯ ಚೀಲ ಎಲ್ಲವನ್ನೂ ಸೇರಿಸಿದ ಕಾಂಬೋ ನೋಡಿ ಮನಸೋಲುವ ಅಗತ್ಯವಿಲ್ಲ.

ಮರದ ಬಗ್ಗೆ ಅಂಗಡಿಯಲ್ಲೂ ಜಾಹೀರಾತಿನಲ್ಲೂ ಬಹಳ ಮಾತು ಕೇಳಿಬರುತ್ತದೆ. ಕಡಿಮೆ ಬೆಲೆಯ ಗಿಟಾರುಗಳ ಮೇಲ್ಹಲಗೆಯು ತೆಳು ಪದರಗಳನ್ನು ಅಂಟಿಸಿದ ಲ್ಯಾಮಿನೇಟ್ ಆಗಿದ್ದು, ಬೆಲೆ ಏರಿದಂತೆ ಇಡೀ ಮರದ ಸಾಲಿಡ್ ಟಾಪ್ ಬರುತ್ತದೆ. ನಡುವಿನ ದುಂಡು ರಂಧ್ರದ ಅಂಚಿನ ಮೇಲೆ ಟಾರ್ಚು ಬಿಟ್ಟು ನೋಡಿದರೆ ಸಾಲಿಡ್ ಹಲಗೆಯಲ್ಲಿ ಮೇಲ್ಮೈಯ ಎಳೆಗಳು ಹಾಗೆಯೇ ಅಂಚಿನಲ್ಲಿ ಕೆಳಗಿಳಿಯುತ್ತವೆ. ಲ್ಯಾಮಿನೇಟಿನಲ್ಲಿ ಪದರಗಳು ಬೇರೆಬೇರೆಯಾಗಿ ಕಾಣುತ್ತವೆ. ಸಾಲಿಡ್ ಹಲಗೆಯ ನಾದ ಹೆಚ್ಚು ತುಂಬಿಕೊಂಡಿರುತ್ತದೆ ಎಂಬುದು ನಿಜ. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಒಣಗಿ, ಜೂನ್ ನಂತರ ತೇವಗೊಳ್ಳುವ ನಮ್ಮ ಹವೆಯಲ್ಲಿ ಅದನ್ನು ಕಾಪಾಡಿಕೊಳ್ಳುವ ಶ್ರದ್ಧೆಯೂ ಬೇಕು. ಮೊದಲ ಗಿಟಾರನ್ನು ಗೋಡೆಗೆ ನೇತುಹಾಕಿ, ಕಿಟಕಿ ತೆರೆದಿಟ್ಟು ಮರೆಯುವ ಮನೆಗಳಿಗೆ ಲ್ಯಾಮಿನೇಟೇ ವಾಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಫಿಂಗರ್‌ಬೋರ್ಡಿನ ವಿಷಯದಲ್ಲಿ ನಮ್ಮ ಸೀಮೆಗೂ ಒಂದು ಪಾಲಿದೆ. ಗಿಟಾರಿನ ವಿವರಪಟ್ಟಿಯಲ್ಲಿ ಇಂಡಿಯನ್ ರೋಸ್‌ವುಡ್ ಎಂದು ಬರೆದಿರುವುದು ನಮ್ಮ ಬೀಟೆ ಮರವೇ. ಮೈಸೂರಿನ ಕುಸುರಿ ಕೆಲಸದ ಕುಶಲಕರ್ಮಿಗಳು ತಮ್ಮ ಚಿತ್ರಗಳನ್ನು ಕೂರಿಸುವುದೂ ಇದೇ ಮರದ ಮೇಲೆ. ಬ್ರೆಜಿಲಿನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ಅಲ್ಲಿನ ಸರ್ಕಾರ ತಡೆಯೊಡ್ಡಿದಾಗ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬದಲಾಯಿತು. 2017ರಲ್ಲಿ ರೋಸ್‌ವುಡ್ ಜಾತಿಯ ಎಲ್ಲ ಮರಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ್ದರಿಂದ ಹಲವು ತಯಾರಕರು ಲಾರೆಲ್, ಪಾವ್ ಫೆರೊ ಮುಂತಾದ ಮರಗಳತ್ತ ಹೊರಳಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತರೂ ಈ ಹೆಸರುಗಳು ಇಂದಿಗೂ ಪಟ್ಟಿಯಲ್ಲಿ ಕಾಣಸಿಗುತ್ತವೆ. ಅವನ್ನು ಕಂಡು ಹಿಂಜರಿಯಬೇಕಿಲ್ಲ. ಹಿಂಜರಿಯಬೇಕಾದದ್ದು ಬಿಳಿ ಮರಕ್ಕೆ ಕಪ್ಪು ಬಣ್ಣ ಹಚ್ಚಿ ರೋಸ್‌ವುಡ್ ಎಂದು ಮಾರುವವರ ಬಳಿ. ಸ್ವಲ್ಪ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಫಿಂಗರ್‌ಬೋರ್ಡಿನ ಕೊನೆಯ ಭಾಗವನ್ನು ಉಜ್ಜಿದಾಗ ಬಟ್ಟೆಗೆ ಕಪ್ಪು ಹತ್ತಿದರೆ ಬಣ್ಣ ಬಳಿದಿದ್ದಾರೆಂದು ತಿಳಿಯಬಹುದು. ನುಡಿಸಲು ಅದರಿಂದ ತೊಂದರೆಯಾಗದಿದ್ದರೂ ರೋಸ್‌ವುಡ್ಡಿನ ಬೆಲೆ ತೆರಬೇಕಾಗಿಲ್ಲ.

ಇನ್ನು ಅಂಗಡಿಯೊಳಗಿನ ಪರೀಕ್ಷೆ. ಅಂಗಡಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಂಥ ಗಿಜಿಗುಡುವ ಜಾಗದಲ್ಲಿದ್ದರೆ ಸಂಜೆ ಹೋಗಬಾರದು. ವಾಹನಗಳ ಹಾರ್ನಿನ ನಡುವೆ ತಂತಿಯ ಸಣ್ಣ ಕಿರಿಕಿರಿ ಕಿವಿಗೆ ಬೀಳುವುದಿಲ್ಲ. ವಾರದ ನಡುವಿನ ಬೆಳಗ್ಗೆ, ಅಂಗಡಿಯವರಿಗೂ ಬಿಡುವಿರುವ ಹೊತ್ತಿಗೆ ಹೋದರೆ ಎರಡು ಮೂರು ವಾದ್ಯಗಳನ್ನು ಇಳಿಸಿ ತೋರಿಸುತ್ತಾರೆ. ಮೊದಲು ಟ್ಯೂನ್ ಮಾಡಿಸಬೇಕು. ಸಾಗಣೆಗಾಗಿ ಸಡಿಲಿಸಿದ ತಂತಿಯಲ್ಲಿ ನೋಡಿದ ಯಾವ ಅಳತೆಯೂ ನಂಬಲರ್ಹವಲ್ಲ, ಏಕೆಂದರೆ ತಂತಿ ಬಿಗಿಯಾದಾಗ ಕತ್ತು ತುಸು ಬಾಗುತ್ತದೆ, ತಂತಿ ಮೇಲೇಳುತ್ತದೆ.

ಟ್ಯೂನ್ ಆದ ಮೇಲೆ, ನಟ್ಟಿನಿಂದ ಎಣಿಸಿ ಹನ್ನೆರಡನೆಯ ಫ್ರೆಟ್ಟಿನ ಬಳಿ ಸ್ಕೇಲನ್ನು ನಿಲ್ಲಿಸಿ, ಫ್ರೆಟ್ಟಿನ ನೆತ್ತಿಯಿಂದ ತಂತಿಯ ಕೆಳಅಂಚಿನವರೆಗಿನ ಎತ್ತರವನ್ನು ಅಳೆಯಬೇಕು. ಇದಕ್ಕೆ ಉಕ್ಕಿನ ಸ್ಕೇಲೇ ಆಗಬೇಕು. ಜ್ಯಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮೊದಲು ಖಾಲಿ ಅಂಚು ಬಿಟ್ಟಿರುವುದರಿಂದ ಲೆಕ್ಕ ತಪ್ಪುತ್ತದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ದಪ್ಪನೆಯ ಆರನೆಯ ತಂತಿಯ ಬಳಿ ಸುಮಾರು ಎರಡೂವರೆ, ತೆಳ್ಳನೆಯ ಮೊದಲ ತಂತಿಯ ಬಳಿ ಸುಮಾರು ಎರಡು ಮಿ.ಮೀ. ಇದ್ದರೆ ಉತ್ತಮ. ಕ್ಲಾಸಿಕಲ್ ಗಿಟಾರಿನಲ್ಲಿ ನೈಲಾನ್ ತಂತಿ ಅಗಲವಾಗಿ ಅದುರುವುದರಿಂದ ಇದೇ ಅಳತೆ ಕ್ರಮವಾಗಿ ನಾಲ್ಕು ಮತ್ತು ಮೂರು ಮಿ.ಮೀ. ಇರಬಹುದು. ಇದಕ್ಕಿಂತ ಎತ್ತರವಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಸರಿ ಮಾಡಿಸಿಕೊಡುವುದಾಗಿ ಹೇಳುತ್ತಾರೆ. ಅದು ಸಾಧ್ಯವೇ ಎಂಬುದನ್ನು ನಾವೇ ಕಂಡುಕೊಳ್ಳಬಹುದು. ಬ್ರಿಡ್ಜಿನ ಮೇಲೆ ನಿಂತಿರುವ ಸ್ಯಾಡಲ್ ಎಂಬ ಬಿಳಿ ಪಟ್ಟಿಯನ್ನು ಉಜ್ಜಿ ತಗ್ಗಿಸುವುದು ಇದಕ್ಕಿರುವ ಸಾಮಾನ್ಯ ಪರಿಹಾರ, ಮತ್ತು ಹನ್ನೆರಡನೆಯ ಫ್ರೆಟ್ಟಿನಲ್ಲಿ ಒಂದು ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್ಲಿನಲ್ಲಿ ಎರಡು ಮಿ.ಮೀ. ತೆಗೆಯಬೇಕಾಗುತ್ತದೆ. ಸ್ಯಾಡಲ್ ಬ್ರಿಡ್ಜಿನ ಮೇಲೆ ಮೂರು ನಾಲ್ಕು ಮಿ.ಮೀ. ಎದ್ದು ನಿಂತಿದ್ದರೆ ಅವಕಾಶವಿದೆ. ಹೊಸ ವಾದ್ಯದಲ್ಲೇ ಅದು ಬ್ರಿಡ್ಜಿನ ಮಟ್ಟಕ್ಕೆ ಕುಗ್ಗಿದ್ದೂ ತಂತಿ ಎತ್ತರದಲ್ಲಿದ್ದರೆ ಕತ್ತನ್ನು ಕೂರಿಸಿರುವ ಕೋನವೇ ತಪ್ಪಿದೆ ಎಂದರ್ಥ. ಅಂಥದ್ದನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಮುಟ್ಟಬಾರದು.

ಇನ್ನೊಂದು ತುದಿಯ ನಟ್ ಕೂಡ ಇಷ್ಟೇ ಮುಖ್ಯವಾದರೂ ಅದನ್ನು ನೋಡುವವರು ಕಡಿಮೆ. ತಂತಿಯನ್ನು ಮೂರನೆಯ ಫ್ರೆಟ್ಟಿನ ಬಳಿ ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ಕಣ್ಣಿಟ್ಟರೆ ಅಲ್ಲಿ ಕೂದಲೆಳೆಯಷ್ಟು ಅಂತರ ಕಾಣಬೇಕು. ಹೆಚ್ಚು ಅಂತರವಿದ್ದರೆ ನಟ್ಟಿನ ಕೊರೆತ ಆಳವಾಗಿಲ್ಲ. ಎಫ್ ಕಾರ್ಡ್ ಹಿಡಿಯಲಾರದೆ ಸೋತ ಕಲಿಯುವವರಲ್ಲಿ ಎಷ್ಟೋ ಮಂದಿಗೆ ಅಡ್ಡಬಂದದ್ದು ಈ ಕೊರೆತವೇ. ಸಣ್ಣ ಅರದಿಂದ ಇದನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದಾದ್ದರಿಂದ ಕೊಳ್ಳುವ ಮುನ್ನವೇ ಮಾಡಿಸಿಕೊಳ್ಳಬೇಕು.

ಕತ್ತು ನೇರವಾಗಿದೆಯೇ ಎಂದು ನೋಡಲು ಮೊದಲನೆಯ ಮತ್ತು ಹದಿನಾಲ್ಕನೆಯ ಫ್ರೆಟ್‌ಗಳ ಬಳಿ ಆರನೆಯ ತಂತಿಯನ್ನು ಒಟ್ಟಿಗೆ ಒತ್ತಬೇಕು. ಆಗ ತಂತಿಯೇ ಅಳತೆಪಟ್ಟಿಯಾಗುತ್ತದೆ. ನಡುವಿನ ಏಳನೆಯ ಫ್ರೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿ ಇದ್ದರೆ ಸರಿ. ಸಂದಿಯೇ ಇಲ್ಲದಿದ್ದರೆ ಕತ್ತು ತೀರಾ ನೇರವಾಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ, ತೀರಾ ಹೆಚ್ಚಿದ್ದರೆ ಮುಂದಕ್ಕೆ. ಉಕ್ಕಿನ ತಂತಿಯ ಗಿಟಾರಿನ ಕತ್ತಿನೊಳಗೆ ಟ್ರಸ್ ರಾಡ್ ಎಂಬ ಸಲಾಕೆಯಿದ್ದು, ಅಲೆನ್ ಕೀಯಿಂದ ತಿರುಗಿಸಿ ಈ ಬಾಗನ್ನು ತಿದ್ದಬಹುದು. ತೀರಾ ಅಗ್ಗದ ಕೆಲವು ಮಾದರಿಗಳಲ್ಲಿ ಅದು ಇರುವುದೇ ಇಲ್ಲ, ಇಲ್ಲವೇ ತಿರುಗಿಸಲು ಬಾರದಂತೆ ಒಳಗೇ ಮುಚ್ಚಿಹೋಗಿರುತ್ತದೆ. ಆದ್ದರಿಂದ ಅದು ಎಲ್ಲಿದೆ, ಕೀ ಜೊತೆಗೆ ಬರುತ್ತದೆಯೇ ಎಂದು ಕೇಳಿ ಕಣ್ಣಾರೆ ನೋಡಬೇಕು.

ಆ ಬಳಿಕ ಪ್ರತಿ ತಂತಿಯನ್ನೂ ಮೊದಲ ಫ್ರೆಟ್ಟಿನಿಂದ ಹನ್ನೆರಡರವರೆಗೆ ಒಂದೊಂದಾಗಿ ಒತ್ತಿ ಮೀಟುತ್ತಾ ಹೋಗಬೇಕು. ಯಾವುದಾದರೂ ಒಂದೇ ಜಾಗದಲ್ಲಿ ಜಿರ್ರೆನ್ನುವ ಸದ್ದು ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಎಂದು ತಿಳಿಯಬೇಕು. ಕತ್ತಿನ ಅಂಚಿನುದ್ದಕ್ಕೂ ಅಂಗೈ ಜಾರಿಸಿದಾಗ ಫ್ರೆಟ್‌ಗಳ ತುದಿ ಗೀಚುವಂತಿದ್ದರೆ ಮರ ಒಣಗಿ ಕುಗ್ಗಿರುವ ಸೂಚನೆ. ಬೇಸಿಗೆಯಲ್ಲಿ ಕೊಳ್ಳುವವರಿಗೆ ಇದು ಹೆಚ್ಚು ಎದುರಾಗುತ್ತದೆ.

ಶ್ರುತಿಯ ಪರೀಕ್ಷೆಗೆ ಮನೆಯಲ್ಲಿ ಸಂಗೀತ ಕಲಿತವರಿದ್ದರೆ ಅವರನ್ನು ಕರೆದೊಯ್ಯುವುದು ಲೇಸು. ಬಿಡಿ ತಂತಿಯನ್ನು ಷಡ್ಜವೆಂದುಕೊಂಡರೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ತಾರಷಡ್ಜ ಒಂದಿಷ್ಟೂ ಏರುಪೇರಿಲ್ಲದೆ ಕೂಡಬೇಕು; ಕಿವಿಯ ಮೇಲೆ ನಂಬಿಕೆಯಿಲ್ಲದವರು ಟ್ಯೂನರಿನ ಮುಳ್ಳು ನೋಡಬಹುದು. ಏಳನೆಯ ಫ್ರೆಟ್ಟಿನ ಪಂಚಮವೂ ಬಹುಮಟ್ಟಿಗೆ ಸೇರುತ್ತದೆ. ಆದರೆ ನಾಲ್ಕನೆಯ ಫ್ರೆಟ್ಟಿನ ಅಂತರ ಗಾಂಧಾರ ಮಾತ್ರ ತಂಬೂರಿಗೆ ಪಳಗಿದ ಕಿವಿಗೆ ತುಸು ಏರಿದಂತೆಯೇ ಕೇಳುತ್ತದೆ, ಏಕೆಂದರೆ ಗಿಟಾರಿನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲಾಗಿ ಹಂಚುವ ಪದ್ಧತಿಯವು. ಅದರಲ್ಲಿ ಈ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ಲಕ್ಷ ರೂಪಾಯಿಯ ಗಿಟಾರಿನಲ್ಲೂ ಹೀಗೆಯೇ. ಒಳ್ಳೆಯ ಶ್ರುತಿಜ್ಞಾನವುಳ್ಳ ಹಿರಿಯರು ಈ ಕಾರಣಕ್ಕೆ ಸರಿಯಾದ ವಾದ್ಯವನ್ನೇ ತಿರಸ್ಕರಿಸಿಬಿಡುವ ಸಾಧ್ಯತೆಯಿರುವುದರಿಂದ, ಷಡ್ಜ ಪಂಚಮಗಳಿಂದಷ್ಟೇ ತೀರ್ಪು ಕೊಡಿರೆಂದು ಅವರಲ್ಲಿ ಮೊದಲೇ ವಿನಂತಿಸಿಕೊಳ್ಳಬೇಕು.

ಟ್ಯೂನಿಂಗ್ ಕೀಗಳು ಕುಲುಕಾಡದೆ ಒಂದೇ ಹದದಲ್ಲಿ ತಿರುಗಬೇಕು. ಬ್ರಿಡ್ಜಿನ ಹಿಂಬದಿಯಲ್ಲಿ ಕಾಗದದ ಅಂಚು ತೂರುವಂತಿದ್ದರೆ ಅಂಟು ಬಿಡುತ್ತಿದೆ. ಸೆಮಿ ಅಕೂಸ್ಟಿಕ್ ಎಂದು ನಮ್ಮಲ್ಲಿ ಕರೆಯುವ, ಒಳಗೆ ನಾದವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಇರುವ ಮಾದರಿಯನ್ನು ಆ್ಯಂಪಿಗೆ ಜೋಡಿಸಿ ಕೇಳದೆ ಕೊಳ್ಳಬಾರದು. ಆರೂ ತಂತಿಗಳ ಸದ್ದು ಒಂದೇ ಮಟ್ಟದಲ್ಲಿ ಬರಬೇಕು. ವೇದಿಕೆ ಹತ್ತುವ ಉದ್ದೇಶ ಸದ್ಯಕ್ಕಿಲ್ಲದಿದ್ದರೆ ಅದೇ ಹಣವನ್ನು ಪಿಕಪ್ ಇಲ್ಲದ ಉತ್ತಮ ಗಿಟಾರಿಗೆ ಹಾಕುವುದು ಮೇಲು.

ಆನ್‌ಲೈನಿನಲ್ಲಿ ತರಿಸುವವರು ಇದೇ ಪರೀಕ್ಷೆಗಳನ್ನು ವಾಪಸಾತಿಯ ಅವಧಿಯೊಳಗೆ ಮನೆಯಲ್ಲಿ ಮಾಡಬೇಕು, ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಬೇಕು. ಸೆಟಪ್ ಖರ್ಚು ಸೇರಿಸಿದಾಗ ಆನ್‌ಲೈನಿನ ಅಗ್ಗದ ಬೆಲೆ ಅಂಗಡಿಯ ಬೆಲೆಗೆ ಹತ್ತಿರವಾಗುವುದುಂಟು. ಸೆಕೆಂಡ್ ಹ್ಯಾಂಡ್ ಬಯಸುವವರಿಗೆ ಮೈಸೂರು ಒಳ್ಳೆಯ ಜಾಗ. ಎಂಜಿನಿಯರಿಂಗ್ ಮುಗಿಸಿ ಹಾಸ್ಟೆಲ್ ಖಾಲಿ ಮಾಡುವ ವಿದ್ಯಾರ್ಥಿಗಳು ಗಿಟಾರುಗಳನ್ನು ಮಾರುತ್ತಾರೆ. ಅವುಗಳಲ್ಲಿ ಮೊದಲ ಮೂರು ಫ್ರೆಟ್‌ಗಳ ಮೇಲೆ ತಂತಿ ಸವೆಸಿದ ಗುಳಿಗಳನ್ನೂ ಬ್ರಿಡ್ಜಿನ ಹಿಂದೆ ಹಲಗೆ ಉಬ್ಬಿದೆಯೇ ಎಂಬುದನ್ನೂ ಹೆಚ್ಚಾಗಿ ಗಮನಿಸಬೇಕು.

ಮಂಡ್ಯದಿಂದ ಬಂದು ಕೊಳ್ಳುವವರು ಚೀಲದ ಬಗ್ಗೆಯೂ ಯೋಚಿಸಬೇಕು. ಸುಮಾರು 45 ಕಿ.ಮೀ. ದಾರಿಯನ್ನು ಸಂಜೆಯ ತುಂಬಿದ ರೈಲಿನಲ್ಲಿ ಕ್ರಮಿಸುವಾಗ ಉಚಿತವಾಗಿ ಕೊಟ್ಟ ಬಟ್ಟೆಯ ಚೀಲ ಯಾವ ರಕ್ಷಣೆಯನ್ನೂ ನೀಡುವುದಿಲ್ಲ. ದಪ್ಪ ಫೋಮಿನ ಚೀಲಕ್ಕೆ ತೆತ್ತ ಹಣ ವ್ಯರ್ಥವಾಗದು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಗಿಟಾರನ್ನು ಬಿಡಲೇಬಾರದು, ಅಂಟು ಮೆತ್ತಗಾಗಿ ಬ್ರಿಡ್ಜ್ ಜಾರುತ್ತದೆ. ದಸರೆಯ ರಿಯಾಯಿತಿಯಲ್ಲಿ ಕೊಂಡು ಆಯುಧಪೂಜೆಗೆ ಇಡುವವರು ಅರಿಶಿನ ಕುಂಕುಮವನ್ನು ಪಾಲಿಶ್ ಇಲ್ಲದ ಫಿಂಗರ್‌ಬೋರ್ಡಿಗೂ ಬ್ರಿಡ್ಜಿಗೂ ಹಚ್ಚದೆ, ಚೀಲಕ್ಕೋ ಹೊಳಪಿನ ಹಿಂಬದಿಗೋ ಇಟ್ಟರೆ ಕಲೆ ಉಳಿಯುವುದಿಲ್ಲ.

ಬಿಲ್ಲಿನಲ್ಲಿ ಮಾದರಿಯ ಹೆಸರನ್ನೂ ಕ್ರಮಸಂಖ್ಯೆಯಿದ್ದರೆ ಅದನ್ನೂ ಬರೆಸಿಕೊಂಡು, ಅಂದು ಅಳೆದ ತಂತಿಯ ಎತ್ತರವನ್ನು ಅದರ ಹಿಂದೆಯೇ ಗುರುತು ಹಾಕಿಕೊಳ್ಳಬೇಕು. ಗಾಳಿಯ ತೇವ ಶೇ. 45ರಿಂದ 55ರ ನಡುವೆ ಇದ್ದರೆ ಗಿಟಾರಿಗೆ ಹಿತ. ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುವುದೂ ಬೇಸಿಗೆಯಲ್ಲಿ ಹಲಗೆ ಕುಗ್ಗಿ ತಂತಿ ಕೆಳಗಿಳಿದು ಜಿರ್ರೆನ್ನುವುದೂ ಇರುವುದರಿಂದ, ಕೊಂಡ ನಂತರದ ಮೊದಲ ಜುಲೈಯಲ್ಲೊಮ್ಮೆ, ಮೊದಲ ಮಾರ್ಚ್‌ನಲ್ಲೊಮ್ಮೆ ಅದೇ ಸ್ಕೇಲಿನಿಂದ ಮತ್ತೆ ಅಳೆದು, ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಲ್ಲಿನ ಸಮೇತ ಕೊಂಡ ಅಂಗಡಿಗೇ ಒಯ್ದು ಸೆಟಪ್ ಮಾಡಿಸಬೇಕು.